ಜಕ್ಕಿಯಬ್ಬೆ: ಒಂದು ಹೆಸರಿನ ಹಿಂದುಮುಂದು



ಕನ್ನಡದ ವ್ಯಕ್ತಿನಾಮಗಳ ಬಗ್ಗೆ ಮಾತನಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ವಿಷಯ ದೊಡ್ಡದು. ಸಿಕ್ಕ ಹೊತ್ತಿನಲ್ಲಿ ಹತ್ತಾರು ಹೆಸರುಗಳ ಮೇಲೆ ಕೈಯಾಡಿಸಿ ಹೋಗುವುದಕ್ಕಿಂತ ಒಂದೇ ಹೆಸರಿನ ಬಳಿ ಕೂತು, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವುದು ಮೇಲೆಂದು ನನಗನಿಸಿತು. ನಾನು ಆರಿಸಿಕೊಂಡ ಹೆಸರು ಜಕ್ಕಿಯಬ್ಬೆ. ಇವತ್ತಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇದು ಸಿಗುವುದು ಬಹಳ ಅಪರೂಪ. ಸಾವಿರ ವರ್ಷದ ಹಿಂದಿನ ಕನ್ನಡ ನಾಡಿನಲ್ಲಾದರೋ ಇದೂ ಇದರ ಒಡಹುಟ್ಟು ರೂಪಗಳೂ ಒಂದು ನಾಡನ್ನಾಳಿದವಳ ಹೆಸರು, ಮಹಾಕವಿಯೊಬ್ಬನ ಹೆಂಡತಿಯ ಹೆಸರು, ಕೆರೆ ಕಟ್ಟಿಸಿದವಳ ಹೆಸರು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಬಂದಳಿಕೆ ಎಂಬ ಊರಿದೆ. ಶಾಸನಗಳಲ್ಲಿ ಅದು ಬಂದಣಿಕೆ. ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಶಾಂತಿನಾಥ ಬಸದಿ, ಹೀಗೆ ಹಳೆಯ ಕಟ್ಟಡಗಳು ಅಲ್ಲಿ ಇಂದಿಗೂ ನಿಂತಿವೆ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಅವುಗಳಲ್ಲಿ ಒಂದು ರಾಷ್ಟ್ರಕೂಟ ಅರಸ ಕನ್ನರದೇವ, ಅಂದರೆ ಇಮ್ಮಡಿ ಕೃಷ್ಣನ ಹೆಸರಿನಿಂದ ಮೊದಲಾಗುತ್ತದೆ. ಬನವಾಸಿ ಹನ್ನೆರಡು ಸಾವಿರವನ್ನು ಕಲಿವಿಟ್ಟರಸ ಆಳುತ್ತಿದ್ದಾಗ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಎಂದರೆ ಆ ನಾಡಿನ ಮುಖ್ಯಸ್ಥನಾಗಿದ್ದ, ಸತ್ತರಸ ನಾಗಾರ್ಜುನ ತೀರಿಕೊಂಡ. ಅರಸನ ಅಪ್ಪಣೆಯಂತೆ ಆ ಹುದ್ದೆ ಅವನ ಹೆಂಡತಿಗೆ ಬಂತು. ಅವಳೇ ಜಕ್ಕಿಯಬ್ಬೆ. ಇದು ನಡೆದದ್ದು 911ರ ಸುಮಾರಿಗೆ.

ಶಾಸನ ಕವಿ ಅವಳ ಆಡಳಿತದ ಜಾಣ್ಮೆಯನ್ನೂ ಜಿನಶಾಸನದ ಮೇಲಿನ ಭಕ್ತಿಯನ್ನೂ ಹೊಗಳುತ್ತಾನೆ. ಹೆಣ್ಣಾಗಿದ್ದೂ ತನ್ನ ಪರಾಕ್ರಮದ ನೆಚ್ಚಿನಿಂದ ನಾಡನ್ನು ಕಾಪಾಡಿದಳೆನ್ನುತ್ತಾನೆ. ಏಳು ವರ್ಷ ಕಳೆದ ಮೇಲೆ, ಶಕ 840ರಲ್ಲಿ, ಎಂದರೆ 918ರಲ್ಲಿ, ರೋಗ ಬಂದು ದೇಹ ಕುಂದಿದಾಗ ಅವಳು ಮಗಳನ್ನು ಕರೆಸಿ ಅಧಿಕಾರ ಒಪ್ಪಿಸಿದಳು. ಬಂದಣಿಕೆಯ ತೀರ್ಥಕ್ಕೆ ಬಂದು ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ನಾಡಿನ ಹೊಣೆ ಸಾಗಿದ ಈ ಸಂಗತಿಯನ್ನು ನಮ್ಮ ಇತಿಹಾಸಕಾರರು ಆಗಾಗ ನೆನೆದಿದ್ದಾರೆ. ಅವಳ ಹೆಸರಿನ ಕಡೆಗೆ ನೋಡಿದವರು ಕಡಿಮೆ.

ಹೆಸರಿನಲ್ಲಿ ಎರಡು ಭಾಗ: ಜಕ್ಕಿ, ಅಬ್ಬೆ. ಜಕ್ಕಿ ಎಂದರೆ ಯಕ್ಷಿ. ಸಂಸ್ಕೃತದ ಯಕ್ಷ ಪ್ರಾಕೃತದಲ್ಲಿ ಜಕ್ಖ ಆಯಿತು. ಕನ್ನಡದ ನಾಲಿಗೆ ಮಹಾಪ್ರಾಣವನ್ನು ಬಿಟ್ಟು ಅದನ್ನು ಜಕ್ಕ ಮಾಡಿಕೊಂಡಿತು. ಮೊದಲಲ್ಲಿರುವ ಯಕಾರ ಜಕಾರವಾಗುವುದು ನಮಗೆ ಹೊಸದಲ್ಲ. ಯಾತ್ರೆ ಜಾತ್ರೆಯಾಗಿದೆ, ಯೋಗಿ ಜೋಗಿಯಾಗಿದ್ದಾನೆ, ಯಮ ಜವನಾಗಿದ್ದಾನೆ, ಯೌವನ ಜವ್ವನವಾಗಿದೆ. ಕ್ಷಕಾರ ಕ್ಕ ಆಗುವುದೂ ಅಷ್ಟೇ ಸಲೀಸು: ರಾಕ್ಷಸ ರಕ್ಕಸ, ಅಕ್ಷರ ಅಕ್ಕರ, ಪಕ್ಷಿ ಹಕ್ಕಿ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಇಂಥ ಮಾರ್ಪಾಡುಗಳಿಗಾಗಿಯೇ ಅಪಭ್ರಂಶ ಪ್ರಕರಣವೆಂಬ ಒಂದು ಪ್ರಕರಣವನ್ನು ಮೀಸಲಿಟ್ಟ. ಅಪಭ್ರಂಶ ಎಂಬ ಪಾರಿಭಾಷಿಕ ಪದ ಕೇಳಿ ಇವೆಲ್ಲ ಕೆಟ್ಟುಹೋದ ಮಾತುಗಳೆಂದು ತಿಳಿಯುವವರಿದ್ದಾರೆ. ವಿದ್ಯಾರ್ಥಿಗಳು ಆ ತಿಳಿವಳಿಕೆಯನ್ನು ಬಿಡಬೇಕು. ನಾಳ್ಗಾವುಂಡಿಯ ಹೆಸರನ್ನು ಕಲ್ಲಿನ ಮೇಲೆ ಕಡೆಸುವಾಗ ಆ ಕವಿಗೆ ಯಕ್ಷಿ ಎಂದು ತಿದ್ದುವ ವಿದ್ವತ್ತು ಇತ್ತು, ಅವನು ತಿದ್ದಲಿಲ್ಲ. ಅವಳ ಹೆಸರು ಜಕ್ಕಿಯಬ್ಬೆ, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಹಳೆಯ ಕಾವ್ಯಗಳ ತುಂಬ ಜಕ್ಕವಕ್ಕಿ ಹಾರಾಡುತ್ತದೆ. ಅದು ಚಕ್ರವಾಕ ಪಕ್ಷಿ. ಅಲ್ಲಿ ಜಕ್ಕ ಎಂಬುದು ಚಕ್ರದಿಂದ ಬಂದದ್ದು. ಹಾಗಾದರೆ ಜಕ್ಕಿಯಬ್ಬೆಯ ಹೆಸರೂ ಹಕ್ಕಿಯ ಹೆಸರೇಕಾಗಬಾರದು ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಹಕ್ಕಿಯ ಹೆಸರಿನಲ್ಲಿ ಜಕ್ಕ ಇದೆ, ಜಕ್ಕಿ ಇಲ್ಲ. ಕೊನೆಯ ಇಕಾರ ಯಕ್ಷಿಯ ಸ್ತ್ರೀಲಿಂಗ ಪ್ರತ್ಯಯದ ಗುರುತು. ಅಲ್ಲದೆ ಈ ಹೆಸರು ಹೊತ್ತ ಹೆಂಗಸರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವವರು ಜೈನ ಮನೆಗಳವರು, ಯಕ್ಷಿಯನ್ನು ಪೂಜಿಸಿದ ಮನೆಗಳವರು. ಹಾಗಾಗಿ ಈ ಹೆಸರಿನಲ್ಲಿ ನನಗೆ ದೇವತೆಯೇ ಕಾಣುತ್ತಾಳೆ.

ಆ ದೇವತೆ ಯಾರು? ಯಕ್ಷ ಎಂದೊಡನೆ ನಮಗೆ ಮೇಘದೂತದ ವಿರಹಿ, ಕೊಳದ ಬಳಿ ಧರ್ಮರಾಯನಿಗೆ ಪ್ರಶ್ನೆ ಹಾಕಿದವನು, ಕುಬೇರನ ಪರಿವಾರದವರು ನೆನಪಾಗುತ್ತಾರೆ. ಅದಕ್ಕಿಂತ ಹಿಂದೆ ಈ ಮಾತಿಗೆ ಇನ್ನೂ ದೊಡ್ಡ ಅರ್ಥವಿತ್ತು. ಕೇನೋಪನಿಷತ್ತಿನಲ್ಲಿ ಗೆಲುವಿನಿಂದ ಬೀಗುತ್ತಿದ್ದ ದೇವತೆಗಳ ಮುಂದೆ ಬ್ರಹ್ಮವೇ ಯಕ್ಷವಾಗಿ ನಿಲ್ಲುತ್ತದೆ. ಅದು ಇಟ್ಟ ಹುಲ್ಲುಕಡ್ಡಿಯನ್ನು ಅಗ್ನಿ ಸುಡಲಾರದೆ, ವಾಯು ಅಲುಗಿಸಲಾರದೆ ಹಿಂದಿರುಗುತ್ತಾರೆ. ಅಲ್ಲಿ ಯಕ್ಷವೆಂದರೆ ಬೆರಗು ಹುಟ್ಟಿಸುವ, ಪೂಜೆಗೆ ಯೋಗ್ಯವಾದ ಒಂದು ಸತ್ತ್ವ. ಜನಸಾಮಾನ್ಯರ ಪೂಜೆಯಲ್ಲಿ ಆ ಸತ್ತ್ವ ಮರದ ಬುಡದಲ್ಲಿ, ನೀರಿನ ಬಳಿ, ಊರ ಹೊರಗಿನ ಚೈತ್ಯದಲ್ಲಿ ನೆಲೆಸಿತು. ಬೆಳೆ, ಮಳೆ, ಮಕ್ಕಳು ಬೇಕಾದವರು ಅಲ್ಲಿಗೆ ಹೋದರು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಭಾರ್ಹುತ್ ಸ್ತೂಪದ ಕಟಾಂಜನದ ಮೇಲೆ ಮರದ ಕೊಂಬೆ ಹಿಡಿದು ನಿಂತ ಯಕ್ಷಿಯರಿದ್ದಾರೆ. ಅವರ ಪಕ್ಕದಲ್ಲೇ ಬ್ರಾಹ್ಮಿಯಲ್ಲಿ ಹೆಸರುಗಳಿವೆ: ಚದಾ ಯಖಿ, ಯಖಿನಿ ಸುದಸನಾ. ಆ ಶಿಲ್ಪಗಳಲ್ಲಿ ಹಲವು ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿವೆ. ಪಟ್ನಾದ ದೀದಾರ್‌ಗಂಜ್‌ನಲ್ಲಿ 1917ರಲ್ಲಿ ಸಿಕ್ಕ ಚಾಮರಧಾರಿಣಿಯನ್ನೂ ನಾವು ಯಕ್ಷಿಯೆಂದೇ ಕರೆಯುತ್ತೇವೆ. ಆನಂದ ಕುಮಾರಸ್ವಾಮಿಯವರು 1928 ಮತ್ತು 1931ರಲ್ಲಿ ಎರಡು ಭಾಗವಾಗಿ ಬರೆದ ಯಕ್ಷರ ಕುರಿತ ಅಧ್ಯಯನವನ್ನು ಆಸಕ್ತರು ಓದಬೇಕು. ಭಾರತದ ಮೂರ್ತಿಪೂಜೆಯ ಬೇರುಗಳನ್ನು ಅವರು ಈ ಪುಟ್ಟ ದೈವಗಳಲ್ಲಿ ಹುಡುಕಿದರು.

ಯಕ್ಷನ ಹೆಸರು ಮನುಷ್ಯರ ಹೆಸರಾಗುವುದಕ್ಕೂ ಹಳೆಯ ಸಾಕ್ಷ್ಯಗಳಿವೆ. ಜೈನ ಆಗಮವಾದ ವಿಪಾಕಸೂತ್ರದಲ್ಲಿ ಮಕ್ಕಳು ಉಳಿಯದ ತಾಯಿಯೊಬ್ಬಳು ಉಂಬರದತ್ತನೆಂಬ ಯಕ್ಷನಿಗೆ ಹರಕೆ ಹೊರುತ್ತಾಳೆ. ಹುಟ್ಟಿದ ಮಗುವಿಗೆ ಆ ಯಕ್ಷನ ಹೆಸರನ್ನೇ ಇಡುತ್ತಾರೆ. ಕಲ್ಪಸೂತ್ರದ ಸ್ಥವಿರಾವಳಿಯಲ್ಲಿ ಸ್ಥೂಲಭದ್ರ ಮುನಿಯ ಏಳು ಮಂದಿ ತಂಗಿಯರ ಹೆಸರುಗಳು ಬರುತ್ತವೆ. ಮೊದಲಿನ ಎರಡು ಜಕ್ಖಾ ಮತ್ತು ಜಕ್ಖದಿನ್ನಾ. ದಿನ್ನಾ ಎಂದರೆ ಕೊಡಲ್ಪಟ್ಟವಳು. ಯಕ್ಷ ಕೊಟ್ಟ ಮಗಳು ಎಂದು ಅರ್ಥ. ನಮ್ಮ ಹಳ್ಳಿಗಳಲ್ಲಿ ಹರಕೆಯ ಮಗುವಿಗೆ ಹುಲಿಗೆಮ್ಮ, ಯಲ್ಲಮ್ಮ, ಮೈಲಾರಪ್ಪ ಎಂದು ಹೆಸರಿಡುವ ಪದ್ಧತಿಗೆ ಇದೇ ಪೂರ್ವರೂಪ. ಸ್ಥೂಲಭದ್ರ, ಪರಂಪರೆಯ ಪ್ರಕಾರ, ಶ್ರವಣಬೆಳಗೊಳದ ನೆನಪಿನಲ್ಲಿ ಉಳಿದ ಭದ್ರಬಾಹುವಿನ ಕಿರಿಯ ಸಮಕಾಲೀನ. ಅವನ ತಂಗಿಯ ಜಕ್ಖಾ ಎಂಬ ಹೆಸರಿಗೂ ನಾಗರಖಂಡದ ಜಕ್ಕಿಗೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ, ಒಂದು ಸ್ವರದ ಅಂತರ.

ಹತ್ತನೆಯ ಶತಮಾನದ ಕರ್ನಾಟಕದಲ್ಲಿ ಯಕ್ಷಿಯ ಪೂಜೆ ಏರುಮುಖದಲ್ಲಿತ್ತು. ತೀರ್ಥಂಕರ ರಾಗದ್ವೇಷ ಗೆದ್ದವನು, ವರ ಕೊಡುವವನಲ್ಲ. ಆದರೆ ಜ್ವರ ಬಂದ ಮಗು, ಯುದ್ಧಕ್ಕೆ ಹೋದ ಗಂಡ, ಬತ್ತಿದ ಕೆರೆ ಇವುಗಳಿಗಾಗಿ ಮೊರೆಯಿಡಲು ಒಂದು ಹತ್ತಿರದ ದೈವ ಬೇಕಲ್ಲವೇ? ತೀರ್ಥಂಕರನ ಪಕ್ಕದಲ್ಲಿ ಶಾಸನದೇವತೆಯಾಗಿ ನಿಂತ ಯಕ್ಷಿ ಆ ಜಾಗ ತುಂಬಿದಳು. ಪಾರ್ಶ್ವನಾಥನ ಪದ್ಮಾವತಿ, ನೇಮಿನಾಥನ ಕೂಷ್ಮಾಂಡಿನಿ, ಚಂದ್ರಪ್ರಭನ ಜ್ವಾಲಾಮಾಲಿನಿ. ಇಂದ್ರನಂದಿ ಎಂಬ ಮುನಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಇಂದಿನ ಮಳಖೇಡದಲ್ಲಿ, ಕೂತು ಜ್ವಾಲಾಮಾಲಿನಿಯ ಆರಾಧನೆಗೆ ಒಂದು ಕಲ್ಪವನ್ನೇ ಬರೆದದ್ದು 939ರಲ್ಲಿ. ಹುಂಚದ ಪದ್ಮಾವತಿ ಸಾಂತರರ ಕುಲದೇವತೆ. ಗೊಮ್ಮಟನ ಮೊದಲ ಅಭಿಷೇಕ ತೊಡೆಯಿಂದ ಕೆಳಗಿಳಿಯದೆ ನಿಂತಾಗ ಗುಳ್ಳಕಾಯಜ್ಜಿಯಾಗಿ ಬಂದವಳು ಕೂಷ್ಮಾಂಡಿನಿಯೇ ಎಂದು ಒಂದು ಐತಿಹ್ಯ ಹೇಳುತ್ತದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಹೆಮ್ಮೆಯನ್ನು ತಿದ್ದಲು ದೈವ ಬಡ ಮುದುಕಿಯ ರೂಪದಲ್ಲಿ ಬಂದಿತೆಂದು ನಂಬಿದ ಜನ, ಮಗಳಿಗೆ ಜಕ್ಕಿ ಎಂದು ಹೆಸರಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ರನ್ನನ ಮನೆಗೆ ಬನ್ನಿ. ಮುದುವೊಳಲಿನ, ಇಂದಿನ ಮುಧೋಳದ, ಬಳೆಗಾರ ಮನೆತನದಲ್ಲಿ 949ರಲ್ಲಿ ಹುಟ್ಟಿದ ಕವಿ ತನ್ನ ಅಜಿತಪುರಾಣದಲ್ಲಿ ಮನೆಯವರ ಹೆಸರುಗಳನ್ನು ಹೇಳಿಕೊಂಡಿದ್ದಾನೆ. ತಾಯಿ ಅಬ್ಬಲಬ್ಬೆ. ಹೆಂಡತಿಯರು ಜಕ್ಕಿ ಮತ್ತು ಶಾಂತಿ. ತನ್ನನ್ನು ಸಲಹಿದ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಹೆಸರಿಡುವುದು ಕೃತಜ್ಞತೆಯನ್ನು ಹೇಳುವ ಬಗೆಯೂ ಆಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಆ ಜಕ್ಕಿಯ ಬಗ್ಗೆ ಹೆಸರಿಗಿಂತ ಹೆಚ್ಚಿನದು ನಮಗೆ ಉಳಿದಿಲ್ಲ. ಇದ್ದರೂ ಆ ಹೆಸರಿನ ಮೋಟು ರೂಪ ನಮಗೆ ಒಂದು ವಿಷಯ ಹೇಳುತ್ತದೆ: ಜಕ್ಕಿ ಎಂಬುದು ತಾನೇ ಪೂರ್ಣವಾದ ಹೆಸರು, ಅಬ್ಬೆ ಅದಕ್ಕೆ ಸೇರಿಕೊಳ್ಳುವ ಗೌರವ.

ಅಬ್ಬೆ ಎಂದರೆ ತಾಯಿ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಇವತ್ತಿಗೂ ಮಕ್ಕಳು ಹೆತ್ತವಳನ್ನು ಅಬ್ಬೆ ಎಂದೇ ಕರೆಯುತ್ತಾರೆ. ಉಳಿದ ಕಡೆ ಅದು ಅವ್ವೆ, ಅವ್ವ ಎಂದಾಗಿ ಬಾಳುತ್ತಿದೆ. ತಮಿಳಿನ ಅವ್ವೈಯಾರ್ ಎಂಬ ಹೆಸರಿನಲ್ಲಿರುವುದೂ ಇದರ ದಾಯಾದಿ ಪದ. ಹತ್ತನೆಯ, ಹನ್ನೊಂದನೆಯ ಶತಮಾನಗಳ ಶಾಸನ ತೆರೆದರೆ ಅಬ್ಬೆಯರ ದೊಡ್ಡ ಸಾಲೇ ಎದುರಾಗುತ್ತದೆ. ಪಂಪನ ತಾಯಿ ಅಬ್ಬಣಬ್ಬೆ. ದಾನಚಿಂತಾಮಣಿ ಅತ್ತಿಮಬ್ಬೆ, ಅವಳ ತಂಗಿ ಗುಂಡಮಬ್ಬೆ. ಕಡೂರಿನ 971ರ ಶಾಸನದ ತಪಸ್ವಿನಿ ಪಾಂಬಬ್ಬೆ. ಬೆಳತೂರಿನ 1057ರ ಶಾಸನದಲ್ಲಿ ಗಂಡನ ಹಿಂದೆ ಬೆಂಕಿ ಹೊಕ್ಕ ದೇಕಬ್ಬೆ. ಈ ಹೆಸರುಗಳಲ್ಲಿ ಹಲವುಗಳ ಮೊದಲ ಭಾಗದ ಅರ್ಥ ಇನ್ನೂ ಚರ್ಚೆಯಲ್ಲಿದೆ. ಜಕ್ಕಿಯಬ್ಬೆಯ ಪುಣ್ಯ, ಅವಳ ಹೆಸರಿನ ಎರಡೂ ಭಾಗ ನಮಗೆ ತಿಳಿಯುತ್ತವೆ. ಗಂಡಸರ ಹೆಸರುಗಳ ಪಕ್ಕ ಇವನ್ನಿಟ್ಟರೆ ಹೋಲಿಕೆ ಕಾಣುತ್ತದೆ. ನಾಗಮಯ್ಯ, ಮಲ್ಲಪಯ್ಯ, ಭೀಮಪಯ್ಯ ಇವುಗಳಲ್ಲಿ ಅಯ್ಯ ಎಂದರೆ ತಂದೆ. ಹೆಣ್ಣು ಹೆಸರುಗಳಲ್ಲಿ ಅಬ್ಬೆ ಎಂದರೆ ತಾಯಿ. ಊರು ತನ್ನ ದೊಡ್ಡವರನ್ನು ಗಂಡಾಗಲಿ ಹೆಣ್ಣಾಗಲಿ ಒಂದೇ ರೀತಿಯಲ್ಲಿ ಕರೆಯಿತು. ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ 1966ರಲ್ಲಿ ಬಂದ ಮೇಲೆ ಇಂಥ ಸಂಗತಿಗಳನ್ನು ಕಲ್ಲುಗಳಿಂದ ಓದುವ ದಾರಿ ನಮಗೆ ತೆರೆಯಿತು. ಹೆಣ್ಣು ಹೆಸರುಗಳಿಗೇ ಮೀಸಲಾದ ಒಂದು ಪೂರ್ಣ ಕೋಶ ಬರಬೇಕು. ಈ ಸಭಾಂಗಣದಲ್ಲಿ ಕೂತ ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ನನಗೆ ಬಹಳ ಸಂತೋಷ.

ಎರಡು ಶತಮಾನ ದಾಟಿ ಶ್ರವಣಬೆಳಗೊಳಕ್ಕೆ ಬಂದರೆ ಹೆಸರು ಸ್ವಲ್ಪ ಬದಲಾಗಿರುತ್ತದೆ. ಊರೊಳಗೆ ಜಕ್ಕಿಕಟ್ಟೆ ಎಂಬ ಪುಟ್ಟ ಕೆರೆಯಿದೆ. ಅಲ್ಲಿನ ಬಂಡೆಯ ಮೇಲೆ ಜಿನಬಿಂಬಗಳಿವೆ, ಬರಹಗಳಿವೆ. ಆ ಕೆರೆಯನ್ನು ಕಟ್ಟಿಸಿ ಬಿಂಬಗಳನ್ನು ಕಡೆಸಿದವಳು ಜಕ್ಕಿಮವ್ವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಕಾಲ ಹನ್ನೆರಡನೆಯ ಶತಮಾನದ ಮೊದಲ ಭಾಗ. ಬಂದಣಿಕೆಯ ಅಬ್ಬೆ ಇಲ್ಲಿ ಅವ್ವೆಯಾಗಿದ್ದಾಳೆ. ಹಾಗೆಂದು ಹಳೆಯ ರೂಪ ಒಂದೇ ದಿನಕ್ಕೆ ಅಳಿಯಲಿಲ್ಲ. ಅದೇ ಕಾಲದಲ್ಲಿ, ಅದೇ ಊರಿನ ಶಾಸನಗಳಲ್ಲಿ, ಗಂಗರಾಜನ ತಾಯಿ ಪೋಚಿಕಬ್ಬೆ, ಶಾಂತಲೆಯ ತಾಯಿ ಮಾಚಿಕಬ್ಬೆ. ಬಾಯಿಮಾತಿನಲ್ಲಿ ಹೊಸದು ಬಂದಿತ್ತು, ಬರಹದಲ್ಲಿ ಹಳೆಯದು ಇನ್ನೂ ಕೂತಿತ್ತು. ಜಕ್ಕಿಮವ್ವೆಯ ಹೆಸರಿನ ಮೋಟು ರೂಪ ಕೆರೆಯ ಹೆಸರಾಗಿ ಇಂದಿಗೂ ಉಳಿದಿದೆ. ನಾಳ್ಗಾವುಂಡಿಯ ಹೆಸರಿಗೂ ಸಿಗದ ಭಾಗ್ಯ ಅದು.

ಇಲ್ಲಿಂದ ಮುಂದಿನ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಲಕ್ಷ್ಮಿ ಲಕ್ಕಿಯಾದದ್ದೂ ಯಕ್ಷಿ ಜಕ್ಕಿಯಾದದ್ದೂ ಹೆಚ್ಚುಕಡಿಮೆ ಒಂದೇ ಧ್ವನಿನಿಯಮದಿಂದ. ಒಂದಕ್ಕೆ ಅಮ್ಮ ಸೇರಿ ಲಕ್ಕಮ್ಮ ಆಯಿತು. ಆಯ್ದಕ್ಕಿ ಲಕ್ಕಮ್ಮನಿಂದ ಹಿಡಿದು ಇಂದಿನ ಹಳ್ಳಿಯ ಅಜ್ಜಿಯವರೆಗೆ ಆ ಹೆಸರು ಕನ್ನಡದಲ್ಲಿ ಬಾಡಲೇ ಇಲ್ಲ. ಇನ್ನೊಂದಕ್ಕೆ ಅವ್ವ ಸೇರಿ ಜಕ್ಕವ್ವ ಆಯಿತು. ಅದು ಬೆಳಗಾವಿ, ವಿಜಯಪುರದ ಕಡೆ ಅಲ್ಲಲ್ಲಿ ಉಳಿದು, ಉಳಿದೆಡೆ ಸೊರಗಿತು. ಸದ್ದಿನಲ್ಲಿ ಕುಂದಿಲ್ಲ, ಕಟ್ಟಣೆಯಲ್ಲಿ ಕುಂದಿಲ್ಲ. ಕುಂದು ಬಂದದ್ದು ದೇವತೆಯ ಮಾನಕ್ಕೆ ಎಂಬುದು ನನ್ನ ಅಭಿಪ್ರಾಯ. ಲಕ್ಷ್ಮಿ ಎಲ್ಲರ ಮನೆಯ ದೀಪದ ಗೂಡಿನಲ್ಲಿ ಉಳಿದಳು. ಯಕ್ಷಿ ಬಸದಿಯ ಒಳಗೆ ಪದ್ಮಾವತಿಯಾಗಿ, ಜ್ವಾಲಾಮಾಲಿನಿಯಾಗಿ ದೊಡ್ಡ ಹೆಸರು ಪಡೆದಳು. ಬಸದಿಯ ಹೊರಗೆ, ಜೈನರ ಅರಸೊತ್ತಿಗೆ ಇಳಿಯುತ್ತ ಬಂದಂತೆ, ಅನಾಥಳಾದಳು. ಶರಣರು ಕ್ಷುದ್ರದೈವಗಳ ಪೂಜೆಯನ್ನು ಕಟುವಾಗಿ ಖಂಡಿಸಿದರು. ಮರದ ಬುಡದ ದೇವತೆ ಮರದ ದೆವ್ವವಾದಳು.

ನಮ್ಮ ಜನರ ಮಾತಿನ ಜಕ್ಕಿಣಿ ಎಂಬ ಪದವನ್ನೇ ನೋಡಿ. ಯಕ್ಷಿಣಿಯಿಂದಲೇ ಬಂದ ಮಾತು. ಅರ್ಥ ಮಾತ್ರ ಹೆಣ್ಣುದೆವ್ವ. ಮುತ್ತೈದೆಯಾಗಿ ಸತ್ತವಳು ಜಕ್ಕಿಣಿಯಾಗಿ ಮನೆಯನ್ನು ಕಾಡುತ್ತಾಳೆ, ಅವಳಿಗೆ ಸೀರೆ ಬಳೆ ಇಟ್ಟು ಸಮಾಧಾನ ಮಾಡಬೇಕು ಎಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿದೆ. ಗಡಿಯಾಚೆ ಮರಾಠಿಯ ಜಖೀಣಳೂ ಇಂಥವಳೇ. ಕೇರಳದಲ್ಲಿ ಯಕ್ಷಿ ಎಂದರೆ ತಾಳೆಮರದಿಂದ ಇಳಿದು ಗಂಡಸರ ರಕ್ತ ಹೀರುವವಳು. ಸಿಂಹಳದಲ್ಲಿ ಯಕ್ಕ ಎಂದರೆ ಭೂತ. ಮಕ್ಕಳನ್ನು ಕೊಟ್ಟವಳು, ಮಕ್ಕಳನ್ನು ಹೆದರಿಸುವವಳಾದಳು. ಯಾವ ತಾಯಿ ಮಗಳ ತೊಟ್ಟಿಲಿಗೆ ಆ ಹೆಸರು ಕಟ್ಟುತ್ತಾಳೆ? ಇನ್ನೊಂದು ಮಾತನ್ನು ನಾನು ನೋವಿನಿಂದಲೇ ಹೇಳುತ್ತೇನೆ. ನಮ್ಮಲ್ಲಿ ಹೆಣ್ಣುದೈವ ಕೆಳಗಿಳಿದಷ್ಟು ಗಂಡುದೈವ ಇಳಿಯಲಿಲ್ಲ. ಜಕ್ಕಿಣಿ ಮನೆಮಾತಾದಳು, ಜಕ್ಕನ ಹೆಸರು ಹೇಳಿ ಮಕ್ಕಳನ್ನು ಹೆದರಿಸಿದ್ದನ್ನು ನಾನು ಕೇಳಿಲ್ಲ. ಅದಕ್ಕೇ ಇರಬೇಕು, ಗಂಡಸರಲ್ಲಿ ಈ ಹೆಸರು ಹೆಚ್ಚು ಕಾಲ ಬಾಳಿತು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ನೂರೊಂದು ಸ್ಥಲ ಬರೆದ ಜಕ್ಕಣಾರ್ಯ ವೀರಶೈವ. ಜಕ್ಕಪ್ಪ ಎಂಬ ಹೆಸರು ಉತ್ತರ ಕರ್ನಾಟಕದಲ್ಲಿ ಇನ್ನೂ ಕೇಳಿಬರುತ್ತದೆ, ಜಕ್ಕಣ್ಣವರ ಎಂಬುದು ಮನೆತನದ ಹೆಸರಾಗಿದೆ.

ಜಕಣಾಚಾರಿಯನ್ನು ಬಿಟ್ಟು ಹೋದರೆ ನೀವು ಒಪ್ಪುವುದಿಲ್ಲ. ಕೈದಾಳದ, ಬೇಲೂರಿನ ಐತಿಹ್ಯಗಳ ಆ ಶಿಲ್ಪಿಯ ಹೆಸರು ದಕ್ಷಿಣಾಚಾರಿ ಎಂಬುದರಿಂದ ಬಂದಿತೆಂದು ಕೆಲವರು ವಾದಿಸಿದ್ದಾರೆ. ದಕಾರ ಜಕಾರವಾಗುವುದು ಕನ್ನಡ ತದ್ಭವಗಳ ರೂಢಿಯಲ್ಲ. ಜಕ್ಕಣ ಎಂಬ ಸಾಮಾನ್ಯ ಹೆಸರು ನಾಡಿನಲ್ಲಿ ಇದ್ದೇ ಇರುವಾಗ, ಆಚಾರಿ ಸೇರಿದ ಜಕ್ಕಣನೇ ಅವನು ಎನ್ನುವುದು ನನಗೆ ಸರಳವಾಗಿ ಕಾಣುತ್ತದೆ.

ಈಗ ಒಂದು ಬೆಳವಣಿಗೆಯನ್ನು ಗಮನಿಸಿ. ಇತ್ತೀಚೆಗೆ ಹುಟ್ಟಿದ ಮಕ್ಕಳಲ್ಲಿ ಯಕ್ಷಿತಾ, ಯಕ್ಷಾ, ಯಕ್ಷಿತ್ ಎಂಬ ಹೆಸರುಗಳು ಕೇಳುತ್ತಿವೆ. ನಾಮಕರಣದ ಪುಸ್ತಕ ನೋಡಿ, ಯಕಾರದಿಂದ ಮೊದಲಾಗುವ ಹೆಸರು ಬೇಕೆಂದು ಇಟ್ಟವರಿರಬಹುದು. ಯಕ್ಷಗಾನದ ಪ್ರೀತಿಯಿಂದ ಇಟ್ಟವರೂ ಇರಬಹುದು. ಅವರಲ್ಲಿ ಯಾರಿಗೂ ಜಕ್ಕಿಣಿಯ ಭಯವಿಲ್ಲ. ಸಂಸ್ಕೃತ ರೂಪಕ್ಕೆ ಆ ದೆವ್ವದ ಮೈಲಿಗೆ ಅಂಟಿಲ್ಲ. ಯಕ್ಷಿತಾ ಚೆಂದದ ಹೆಸರೇ. ಆದರೆ ನಾಗರಖಂಡವನ್ನಾಳಿದ, ರನ್ನನ ಮನೆ ತುಂಬಿದ, ಬೆಳಗೊಳಕ್ಕೆ ಕೆರೆ ಕೊಟ್ಟ ಹೆಂಗಸರ ಬಾಯಿಗೆ ಒಗ್ಗಿದ್ದು ಅದರ ಕನ್ನಡ ರೂಪ. ಅದನ್ನು ದೆವ್ವದ ಪಾಲಿಗೆ ಬಿಟ್ಟುಕೊಡಲು ನನಗೆ ಮನಸ್ಸು ಬರುವುದಿಲ್ಲ.

ಮಗಳಿಗೆ ಹಳಗನ್ನಡದ ಹೆಸರು ಬೇಕೆಂದು ಕೇಳಿ ಬರುವ ತಂದೆತಾಯಿಯರಿಗೆ ನಾನು ಈ ಹೆಸರನ್ನು ಸೂಚಿಸುವುದುಂಟು. ಉದ್ದವಾಯಿತೆಂದು ಅವರು ಹಿಂಜರಿಯುತ್ತಾರೆ. ಜಕ್ಕಿ ಎಂದಷ್ಟೇ ಇಡಿ ಎನ್ನುತ್ತೇನೆ, ರನ್ನನ ಮನೆಯಲ್ಲೂ ಅಷ್ಟೇ ಇತ್ತು. ಅಬ್ಬೆ ಎಂಬುದನ್ನು ಮುಂದೆ ಊರಿನವರು ಸೇರಿಸುತ್ತಾರೆ.